ಉಬ್ಬರ ನಿಮಗೆ, ಇಳಿತ ನನಗೆ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ರೀ,

ಈ ಒಂದಕ್ಷರ ಬರೆಯುವುದಕ್ಕೆ ಎರಡು ಹಾಳೆ ಹಾಳು ಮಾಡಿದ್ದೇನೆ. ಮೊದಲನೆಯದರಲ್ಲಿ ‘ಮಾನ್ಯರೇ’ ಅಂತ ಬರೆದೆ, ಗ್ಯಾಸ್ ಏಜೆನ್ಸಿಗೆ ದೂರು ಕೊಡುತ್ತಿರುವ ಹಾಗೆ ಕಂಡಿತು. ಎರಡನೆಯದರಲ್ಲಿ ‘ಪ್ರೀತಿಯ’ ಅಂತ ಶುರು ಮಾಡಿದೆ, ಮುಂದಕ್ಕೆ ಕೈ ಓಡಲಿಲ್ಲ. ಮದುವೆಯಾದಾಗಿನಿಂದ ಕರೆದದ್ದು ‘ರೀ’ ಅಂತಲೇ. ಬೇರೆ ಬೇರೆ ಮನೆಯಲ್ಲಿದ್ದೇವೆ ಅಂದ ಮಾತ್ರಕ್ಕೆ ಅದನ್ನೇಕೆ ಬದಲಾಯಿಸಬೇಕು, ಇರಲಿ ಬಿಡಿ.

ನಾನು ಚೆನ್ನಾಗಿದ್ದೇನೆ. ಕೆಮ್ಮು ನಿಂತಿದೆ. ಮೊಣಕೈಯ ಗಾಯ ಒಣಗಿ ತುರಿಸುತ್ತಿದೆ. ನೀವು ಹೇಗಿದ್ದೀರಿ ಅಂತ ಕೇಳುವ ಅಗತ್ಯವೇ ನನಗಿಲ್ಲ, ನಿಮ್ಮಮ್ಮ ದಿನಾ ವರದಿ ಒಪ್ಪಿಸುತ್ತಾರೆ. ಟೈರ್ ಅಂಗಡಿಯ ಮಹಡಿಯ ಮೇಲಿನ ಆ ರೂಮಿನಲ್ಲಿ ಇರುವುದು ಒಂದೇ ಕುರ್ಚಿಯಂತೆ, ಯಾರಾದರೂ ಬಂದರೆ ನೀವು ಪೇಂಟ್ ಡಬ್ಬದ ಮೇಲೆ ಕೂರುತ್ತೀರಂತೆ, ಅಂಗಿಯ ಎರಡನೇ ಗುಂಡಿ ಬಿದ್ದು ಎಷ್ಟೋ ದಿನವಾಯಿತಂತೆ. ಕೇಳಿಸಿಕೊಂಡು ಸುಮ್ಮನಿದ್ದೇನೆ. ನನಗೇನು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹ್ಞೂಂ’ ಅನ್ನುತ್ತೀರಿ, ಆ ‘ಹ್ಞೂಂ’ ಕೇಳಿದರೆ ನನಗೆ ರೇಗುತ್ತದೆ, ಹೇಳಬೇಕಾದ್ದು ಬಿಟ್ಟು ಬೇಡದ್ದೆಲ್ಲ ಬಾಯಿಗೆ ಬರುತ್ತದೆ. ಕಾಗದಕ್ಕೆ ‘ಹ್ಞೂಂ’ ಅಂದು ಪ್ರಯೋಜನವಿಲ್ಲ, ಕೊನೆಯ ಸಾಲಿನ ತನಕ ಓದಲೇಬೇಕು. ಇದನ್ನು ಅತ್ತೆಯ ಕೈಲಿ ಕೊಟ್ಟು ಕಳಿಸುತ್ತೇನೆ. ಅವರು ಓದದೆ ಬಿಡುವವರಲ್ಲ. ಅತ್ತೆ, ಓದಿ, ಪರವಾಗಿಲ್ಲ. ಆದರೆ ಓದಿ ನಕ್ಕಿದ್ದನ್ನು ನಿಮ್ಮ ಮಗನಿಗೆ ಹೇಳಬೇಡಿ.

ಮೊದಲು ಹೇಳಬೇಕಾದ್ದು ಹೇಳಿಬಿಡುತ್ತೇನೆ. ಮಂಗಳವಾರ ನನ್ನನ್ನು ನೀರಿನಿಂದ ಎಳೆದು ತಂದಿರಿ. ದಡದಲ್ಲೇ ಹೇಳೋಣವೆಂದರೆ ಗಂಟಲ ತುಂಬ ಉಪ್ಪುನೀರು. ಕೆಮ್ಮಿ ಕೆಮ್ಮಿ ತಲೆ ಎತ್ತುವಷ್ಟರಲ್ಲಿ ನೀವು ನಾಪತ್ತೆ. ಅದಕ್ಕೇ ಈಗ ಹೇಳುತ್ತಿದ್ದೇನೆ: ನೀವಿಲ್ಲದಿದ್ದರೆ ನಾನು ಇವತ್ತು ಈ ಮೇಜಿನ ಮುಂದೆ ಕೂತಿರುತ್ತಿರಲಿಲ್ಲ. ಜೀವ ಉಳಿಸಿದಿರಿ. ಥ್ಯಾಂಕ್ಸ್ ಅನ್ನುವ ಮಾತು ಇದಕ್ಕೆ ತೀರಾ ಚಿಕ್ಕದು, ದೊಡ್ಡದು ನನಗೆ ಗೊತ್ತಿಲ್ಲ, ಅದನ್ನೇ ತಗೊಳ್ಳಿ.

ಇಷ್ಟಕ್ಕೇ ಪತ್ರ ಮುಗಿಯಿತು ಅಂತ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ. ನಾಳೆ ಸಂಜೆ ಕೊಲ್ಲಿಯಲ್ಲಿ ಅಲೆ ಹಿಡಿಯುವವರೆಲ್ಲರ ಸಭೆ ಇದೆ. ನೀವು, ನಾನು, ಅತ್ತೆ, ಮೂವರೂ ಇನ್ನು ಮುಂದೆ ಒಂದೇ ನೀರಿನಲ್ಲಿ ಇರಬಹುದೋ ಇಲ್ಲವೋ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಗುರುವಾರದ ಸಭೆಗೆ ನೀವು ಬರಲಿಲ್ಲ. ಆಸ್ಪತ್ರೆಯ ಲಿಫ್ಟ್ ಕೈಕೊಟ್ಟಿತ್ತಂತೆ, ಸರಿ, ಲಿಫ್ಟ್ ಮೆಕ್ಯಾನಿಕ್ಕಿನ ಹೆಂಡತಿಯಾಗಿ ಅಷ್ಟು ಅರ್ಥವಾಗುತ್ತದೆ. ಆದರೆ ಅಲ್ಲಿ ಆದದ್ದನ್ನು ನೀವು ಬೇರೆಯವರ ಬಾಯಿಂದ ಕೇಳಬಾರದು. ನನ್ನಿಂದಲೇ ಕೇಳಿ.

ನಾವು ಹಂಚಿಕೊಂಡ ದಿನ ನೆನಪಿದೆಯಾ? ಹಾಸಿಗೆ ನನಗೆ, ಟೇಬಲ್ ಫ್ಯಾನ್ ನಿಮಗೆ. ಕುಕ್ಕರ್ ನನಗೆ, ಅದರ ಸೀಟಿ ಯಾವಾಗಲೂ ರಿಪೇರಿ ಮಾಡುತ್ತಿದ್ದವರು ನೀವು ಅನ್ನುವ ಕಾರಣಕ್ಕೆ ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ನಿಂತಿದ್ದಿರಿ. ಎಲ್ಲ ಮುಗಿದ ಮೇಲೆ ಸಮುದ್ರ ಒಂದು ಉಳಿಯಿತು. ಇರುವುದು ಒಂದೇ ಕೊಲ್ಲಿ, ಅಲೆ ಏಳುವುದು ಅದರ ಒಂದೇ ಮೂಲೆಯಲ್ಲಿ. ಹಲಗೆ ಹಾಕಿ ಅಲೆ ಏರಲು ನಿಮಗೂ ಅದು ಬೇಕು, ನನಗೂ ಅದು ಬೇಕು. ಆಗ ನೀವು ಫ್ರಿಜ್ಜಿಗೆ ಅಂಟಿಸಿದ್ದ ಉಬ್ಬರವಿಳಿತದ ಪಟ್ಟಿಯ ಮುಂದೆ ನಿಂತು ಮೆಕ್ಯಾನಿಕ್ ತಲೆ ಓಡಿಸಿ ಹೇಳಿದಿರಿ: ನೀರು ಇಳಿದಾಗ ಬಂಡೆಗಳು ಮೇಲೆ ಬರುತ್ತವೆ, ನನ್ನ ಫಾಯಿಲ್ ಹಲಗೆಯ ಅಡಿಯ ಕಂಬ ತಾಗುತ್ತೆ, ನನಗೆ ಆಳ ಬೇಕು. ನೀರು ತುಂಬಿದಾಗ ಅಲೆ ಸರಿಯಾಗಿ ಒಡೆಯಲ್ಲ, ನಿನ್ನ ಸರ್ಫ್ ಹಲಗೆಗೆ ಅದು ಬೇಡ. ಉಬ್ಬರ ನನಗಿರಲಿ, ಇಳಿತ ನಿನಗಿರಲಿ ಅಂದಿರಿ. ನಾನು ಆಗಲಿ ಅಂದೆ. ನಮ್ಮ ಇಡೀ ದಾಂಪತ್ಯದಲ್ಲಿ ಇಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡ ಮೊದಲ ವಿಷಯ ಅದು.

ಬಾಗಿಲಲ್ಲಿ ಕೂತು ಕೇಳುತ್ತಿದ್ದ ನಿಮ್ಮಮ್ಮ ಮಾತ್ರ, ನನಗೆ ಎರಡೂ ಹೊತ್ತು ಬೇಕಪ್ಪ, ನಾನ್ಯಾರ ಜೊತೆನೂ ಜಗಳ ಆಡಿಲ್ಲ ಅಂದರು. ಅಷ್ಟೇ ಅಲ್ಲ, ನೀನು ಹೋಗೋ, ನಾನು ಇಲ್ಲೇ ಇರ್ತೀನಿ, ಇಲ್ಲಿಂದ ನೀರಿಗೆ ಹತ್ತಿರ ಅಂದುಬಿಟ್ಟರು. ಗಂಡ ಹೋಗಿ ಅತ್ತೆ ಉಳಿದ ಮನೆ ನಮ್ಮದೊಂದೇ ಇರಬೇಕು. ಲ್ಯಾಬಿನಲ್ಲಿ ನನ್ನ ಜೊತೆ ಹಲ್ಲಿನ ಸೆಟ್ಟು ಮಾಡುವವರು ಈಗಲೂ ಇದನ್ನು ನಂಬುವುದಿಲ್ಲ.

ನೀವು ಆ ಫಾಯಿಲ್ ಹಲಗೆಯನ್ನು ಮೊದಲ ಸಲ ಮನೆಗೆ ತಂದಾಗ, ಇಸ್ತ್ರಿ ಹಲಗೆಗೆ ಫ್ಯಾನ್ ಸಿಕ್ಕಿಸಿದ್ದಾರೆ ಅಂದುಕೊಂಡಿದ್ದೆ. ಹಲಗೆಯ ಹೊಟ್ಟೆಗೆ ಉದ್ದನೆಯ ಕಂಬ, ಕಂಬದ ತುದಿಗೆ ಚೂಪು ರೆಕ್ಕೆ. ಆ ರೆಕ್ಕೆ ನೀರಿನೊಳಗೆ ಓಡುತ್ತಿದ್ದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ, ನೀವು ಸದ್ದಿಲ್ಲದೆ ಅದರ ಮೇಲೆ ನಿಂತು ಹೊರಟುಬಿಡುತ್ತೀರಿ. ನಿಮಗೆ ಅಲೆ ಒಡೆಯಬೇಕಾಗಿಯೇ ಇಲ್ಲ, ನೀರು ಒಂದಿಷ್ಟು ಉಬ್ಬಿದರೆ ಸಾಕು. ನನ್ನದು ಹಾಗಲ್ಲ. ಹೊಟ್ಟೆಯ ಮೇಲೆ ಮಲಗಿ, ಕೈ ಸೋಲುವ ತನಕ ಈಜಿ, ಅಲೆ ತಲೆಯ ಮೇಲೆ ಬಂದು ಒಡೆಯುವ ಹೊತ್ತಿಗೆ ಎದ್ದು ನಿಲ್ಲಬೇಕು.

ಮನೆಯಲ್ಲೂ ನಮ್ಮ ಕಥೆ ಇದೇ ಆಗಿತ್ತಲ್ಲವಾ. ಮಾತು ಸ್ವಲ್ಪ ಉಬ್ಬಿತೆಂದರೆ ಸಾಕು, ಒಡೆಯುವ ಮುಂಚೆಯೇ ನೀವು ಚಪ್ಪಲಿ ಹುಡುಕುತ್ತಿದ್ದಿರಿ. ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಜಗಳ ಮುಗಿಸುತ್ತಿದ್ದೆ. ಇನ್ನೊಂದು ಹೇಳಲಾ? ಲಿಫ್ಟ್ ಮಹಡಿಗಳ ನಡುವೆ ನಿಂತುಹೋದರೆ ಒಳಗೆ ಸಿಕ್ಕಿಕೊಂಡವರಿಗೆ ಬಾಗಿಲ ಸಂದಿಯಿಂದ ಗಂಟೆಗಟ್ಟಲೆ ಮಾತಾಡಿ ಧೈರ್ಯ ಹೇಳುತ್ತೀರಂತೆ. ಒಮ್ಮೆ ಒಬ್ಬ ಹೆಂಗಸು ನಮ್ಮ ಮನೆಗೇ ಬಂದು, ನಿಮ್ಮ ಯಜಮಾನರ ದನಿ ಕೇಳಿ ನನಗೆ ಹೋದ ಜೀವ ಬಂತು ಅಂದು ಹೋಗಿದ್ದಳು. ನನಗೆ ಮಾತ್ರ ‘ಹ್ಞೂಂ’. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಮೇಲೆಲ್ಲ ನನಗೆ ಹೊಟ್ಟೆಕಿಚ್ಚಿತ್ತು ರೀ. ಕೊನೆಗೆ, ಹೋಗೋದಾದ್ರೆ ಪೂರ್ತಿ ಹೋಗಿ, ಹೀಗೆ ಅರ್ಧಂಬರ್ಧ ಹೋಗಬೇಡಿ ಅಂದೆ. ಹೆಂಡತಿಯ ಮಾತು ಕೇಳುವ ಗಂಡ ನೀವು, ಹೋದಿರಿ.

ಅದಾಗಿ ವರ್ಷವಾಗುತ್ತಾ ಬಂತು. ಈ ವರ್ಷದಲ್ಲಿ ನಮ್ಮ ಕೊಲ್ಲಿ ಬಸ್‌ಸ್ಟ್ಯಾಂಡ್ ಆಗಿದೆ. ಹಲಗೆ ಬಾಡಿಗೆಗೆ ಕೊಡುವ ಅಂಗಡಿ ಬಂದದ್ದೇ ಬಂತು, ಅಲೆ ಒಂದು ಬಂದರೆ ಹಿಡಿಯಲು ಇಪ್ಪತ್ತು ಜನ. ಹೊಟ್ಟೆಯ ಮೇಲೆ ಮಲಗಿ ಕಾಯುವ ನಮ್ಮಂಥವರಿಗೆ ಪ್ಯಾಡಲ್ ಹಲಗೆಯವರನ್ನು ಕಂಡರೆ ಆಗದು. ಅವರು ನಿಂತುಕೊಂಡೇ ಹುಟ್ಟು ಹಾಕುತ್ತಾರೆ, ದೂರದಲ್ಲಿ ಅಲೆ ಏಳುವುದು ಅವರಿಗೇ ಮೊದಲು ಕಾಣುತ್ತದೆ, ನಮ್ಮ ತನಕ ಬರುವಷ್ಟರಲ್ಲಿ ಅವರೇ ಗುಳುಂ ಮಾಡಿರುತ್ತಾರೆ. ಫಾಯಿಲಿನವರನ್ನು ಕಂಡರೆ ಇಬ್ಬರಿಗೂ ಭಯ. ಸದ್ದಿಲ್ಲದೆ ಪಕ್ಕದಲ್ಲಿ ಹಾದುಹೋದ ಮೇಲಷ್ಟೇ ಗೊತ್ತಾಗುತ್ತದೆ, ಕೆಳಗೆ ಕತ್ತಿಯಂಥ ರೆಕ್ಕೆ ಇತ್ತು ಅಂತ. ನಾವು ಸರ್ಫಿನವರೇನು ಕಮ್ಮಿಯಾ? ಸಮುದ್ರ ಅಪ್ಪನ ಮನೆ ಆಸ್ತಿ ಅನ್ನುವ ಹಾಗೆ ಮುಖ ಗಂಟಿಕ್ಕಿಕೊಂಡು ಕೂತಿರುತ್ತೇವೆ. ನಮ್ಮ ಡ್ರೈವರ್ ಮಾಮ ಅಂತೂ ಬಸ್ಸಿನಿಂದ ರಿಟೈರ್ ಆದ ಮೇಲೆ ಅಲೆಗಳಿಗೇ ಕಂಡಕ್ಟರ್ ಆಗಿದ್ದಾರೆ. ಸಾಲಿನಲ್ಲಿ ಬರ್ರೀ, ನುಗ್ಗಬೇಡ್ರೀ ಅಂತ ಅವರ ಗಂಟಲು ನಮ್ಮ ಮನೆ ತನಕ ಕೇಳುತ್ತದೆ.

ಇಷ್ಟರ ನಡುವೆ ಎಲ್ಲರಿಗೂ ಬೇಕಾದವರೆಂದರೆ ನಿಮ್ಮಮ್ಮ. ಗಲ್ಲದ ಕೆಳಗೆ ಟೋಪಿಯ ದಾರ ಬಿಗಿದುಕೊಂಡು, ಬಾಗಿಲಿನಷ್ಟು ಅಗಲದ ಆ ಹಲಗೆಯ ಮೇಲೆ ಎಲ್ಲರಿಗಿಂತ ಆಚೆ ಹೋಗಿ ನಿಲ್ಲುತ್ತಾರೆ. ಅವರಿಗೂ ಅಲೆ ಮೊದಲು ಕಾಣುತ್ತದೆ. ಆದರೆ ಹಿಡಿಯುವುದಿಲ್ಲ, ಕೂಗುತ್ತಾರೆ. ಏಳ್ರಪ್ಪಾ, ಬಂತು! ಮೊದಲನೇದು ಬಿಟ್ಟಾಕಿ, ಅದರ ಹಿಂದಿಂದು ಚೆನ್ನಾಗಿದೆ! ಏ ಕನ್ನಡಕ, ನೀನು ಬಲಕ್ಕೆ ಹೋಗು! ಅಂತ. ಎಲ್ಲರಿಗೂ ಒಂದೊಂದು ಸಿಕ್ಕಿದ ಮೇಲೆ ಯಾರಿಗೂ ಬೇಡದ ಸಣ್ಣದೊಂದನ್ನು ಹಿಡಿದು, ರಾಣಿಯ ಹಾಗೆ ನಿಂತು ದಡಕ್ಕೆ ಬರುತ್ತಾರೆ. ಅತ್ತೆ, ಇಲ್ಲಿ ಓದುತ್ತಾ ಉಬ್ಬಬೇಡಿ.

ಈಗ ಮಂಗಳವಾರದ ಮಾತು. ಲ್ಯಾಬಿನಲ್ಲಿ ಕೆಲಸ ಬೇಗ ಮುಗಿಯಿತು, ಮಧ್ಯಾಹ್ನದ ಇಳಿತಕ್ಕೆ ಸರಿಯಾಗಿ ನೀರಿಗಿಳಿದೆ. ಅತ್ತೆ ಆಗಲೇ ಅಲ್ಲಿದ್ದರು. ಅಂಥ ಅಲೆ ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ನೀರು ತಿರುಗಿತು, ಏರತೊಡಗಿತು, ನನ್ನ ಹೊತ್ತು ಮುಗಿಯಿತು ಅಂತ ಗೊತ್ತಿತ್ತು. ಇದೊಂದು ಅಂದುಕೊಂಡೆ. ಆಮೇಲೆ ಇನ್ನೊಂದೇ ಒಂದು ಅಂದುಕೊಂಡೆ. ಅತ್ತೆ ಕೂಗಿದ್ದು ಕೇಳಿಸಿತು, ಕೇಳಿಸದ ಹಾಗೆ ಇದ್ದೆ. ಆಗ ಬಂತು ನೋಡಿ, ಒಂದರ ಹಿಂದೆ ಒಂದು. ಮೊದಲನೆಯದು ನನ್ನನ್ನು ಮಗುಚಿತು, ಎರಡನೆಯದಕ್ಕೆ ಕಾಲಿಗೆ ಕಟ್ಟಿದ್ದ ಹಗ್ಗ ಪಟ್ಟನೆ ಹರಿದು ಹಲಗೆ ಎತ್ತಲೋ ಹೋಯಿತು. ಕೈಗೆ ಹಿಡಿಯಲು ಏನೂ ಇಲ್ಲ, ಕಾಲಿಗೆ ನೆಲ ಇಲ್ಲ. ಉಸಿರಿಗೆ ಅಂತ ತಲೆ ಎತ್ತಿದರೆ ಎದುರಿಗೆ ಆ ಬ್ಯಾಂಕಿನವರು, ಹೊಸದಾಗಿ ಫಾಯಿಲ್ ಕಲಿಯುತ್ತಿದ್ದಾರಲ್ಲ, ನೀರು ಏರುವ ತನಕ ಕಾಯದೆ ಇಳಿಯುವವರು, ಅವರು ಬಾಯಿ ತೆರೆದುಕೊಂಡು ನೇರ ನನ್ನ ಮೇಲೇ ಬರುತ್ತಿದ್ದಾರೆ. ತಿರುಗಿಸುವುದು ಅವರಿಗೆ ಇನ್ನೂ ಬರುವುದಿಲ್ಲ. ಮುಗೀತು ಕಥೆ ಅಂದುಕೊಂಡೆ.

ಅಷ್ಟರಲ್ಲಿ ಬಂಡೆಗಳ ಕಡೆಯಿಂದ ನಿಮ್ಮ ದನಿ. ಬೀಳ್ರೀ! ಎಡಕ್ಕೆ ಬೀಳ್ರೀ! ಅಂತ. ಅವರು ಬಿದ್ದರು, ಅವರ ಹಲಗೆ ಮಗುಚಿ ರೆಕ್ಕೆ ನನ್ನ ಮೊಣಕೈ ಸವರಿಕೊಂಡು ಹೋಯಿತು. ನೀವು ನಿಮ್ಮ ಹಲಗೆಯನ್ನೂ ಬಿಟ್ಟು, ಕಾಲಿನ ಹಗ್ಗವನ್ನೂ ಬಿಚ್ಚಿ ಈಜಿ ಬಂದಿರಿ. ನನ್ನ ತೋಳ ಕೆಳಗೆ ಕೈ ಹಾಕಿ ಹೇಳಿದಿರಿ, ಏನೂ ಆಗಿಲ್ಲ ಕಣೇ, ಮೊದಲು ಉಸಿರು ಬಿಡು, ಆಮೇಲೆ ತಗೋ, ನಾನು ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ ಅಂತ. ನಗಬೇಡಿ, ಆ ಹೊತ್ತಿನಲ್ಲಿ ನನಗೆ ಮೊದಲು ಹೊಳೆದದ್ದು, ಅಯ್ಯೋ, ಇದು ಲಿಫ್ಟಿನವರಿಗೆ ಹೇಳುವ ದನಿಯಲ್ಲವಾ ಅಂತ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದು ನನ್ನ ಪಾಲಿಗೆ ಬಂತು. ಅದಕ್ಕೆ ಮುಳುಗಬೇಕಾಯಿತು ಅಷ್ಟೇ.

ಆಮೇಲೆ ಅತ್ತೆಯ ಬಾಗಿಲಿನಂಥ ಹಲಗೆ ಬಂತು. ಎತ್ತೋ ಅವಳನ್ನ, ಮಾತಾಡ್ತಾ ನಿಂತ್ಯಾ! ಅಂತ ನಿಮಗೆ ಬೈದರು. ನೀವು ಕೆಳಗಿಂದ ನೂಕಿ, ಅವರು ಮೇಲಿಂದ ಎಳೆದು, ನಾನು ಒದ್ದೆ ಮೂಟೆಯ ಹಾಗೆ ಹಲಗೆಯ ಮೇಲೆ ಬಿದ್ದೆ. ಅತ್ತೆ ಮಂಡಿಯೂರಿ ಹುಟ್ಟು ಹಾಕಿದರು, ನೀವು ಹಿಂದೆ ಹಿಡಿದು ಕಾಲು ಬಡಿದಿರಿ. ಕತ್ತು ವಾಲಿಸಿಕೊಂಡೇ ನಾನು ಒಂದು ನೋಡಿದೆ. ಹಿಂದೆ ಒಳ್ಳೆಯ ಅಲೆಯೊಂದು ಏಳುತ್ತಿತ್ತು, ಅದನ್ನು ಯಾರೂ ಹಿಡಿಯಲಿಲ್ಲ. ಸರ್ಫಿನವರು, ಪ್ಯಾಡಲಿನವರು, ಫಾಯಿಲಿನವರು, ಎಲ್ಲರೂ ಕೈ ನೀರಿಗೆ ಬಿಟ್ಟು ಕೂತು ದಾರಿ ಬಿಟ್ಟರು. ಡ್ರೈವರ್ ಮಾಮ ಅಷ್ಟು ದೂರ ಹೋಗಿ ನನ್ನ ಹಲಗೆ ತಂದುಕೊಟ್ಟರು. ನಿಮ್ಮದನ್ನು ಬ್ಯಾಂಕಿನವರು ತಂದರು, ಪಾಪ, ಅಳುತ್ತಿದ್ದರು. ನಾನು ಯಾರ್ಯಾರಿಗೆ ಮುಖ ಗಂಟಿಕ್ಕಿದ್ದೆನೋ ಅವರೆಲ್ಲರ ಋಣದಲ್ಲಿದ್ದೇನೆ.

ಎಲ್ಲೂ ಹೋಗಲ್ಲ ಅಂದವರು ಮಾತ್ರ ದಡ ಸಿಕ್ಕಿದ ತಕ್ಷಣ ಹೋದಿರಿ. ಅದನ್ನು ಇನ್ನೊಂದು ದಿನ ವಿಚಾರಿಸಿಕೊಳ್ಳುತ್ತೇನೆ.

ಸಂಜೆ ಬಚ್ಚಲಲ್ಲಿ ಅತ್ತೆ ನನ್ನ ತಲೆಯ ಮರಳು ತೊಳೆಯುತ್ತಿದ್ದರು. ಒಂದು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನೀರು ಆಗಷ್ಟೇ ತಿರುಗಿತ್ತು, ನಿಮ್ಮ ಫಾಯಿಲಿಗೆ ಬೇಕಾದಷ್ಟು ಆಳ ಇನ್ನೂ ಬಂದಿರಲಿಲ್ಲ, ನಿಮ್ಮ ಹೊತ್ತಿಗೆ ತುಂಬ ಸಮಯವಿತ್ತು. ಹಾಗಿದ್ದರೆ ನೀವು ಅಲ್ಲಿ ಹೇಗೆ? ಅವರು ಇಷ್ಟು ಬೇಗ ಯಾಕೆ ಬಂದಿದ್ರು ಅತ್ತೆ ಅಂತ ಕೇಳಿದೆ. ಅತ್ತೆ ಚೊಂಬು ಕೆಳಗಿಟ್ಟರು. ಅವನು ಯಾವತ್ತು ತಡವಾಗಿ ಬಂದಿದಾನೆ ಅಂದರು. ನೀನು ನೀರಿಗಿಳಿಯೋ ದಿನವೆಲ್ಲ ಬರ್ತಾನೆ. ಬಂಡೆ ಮರೆಯಲ್ಲಿ ಹಲಗೆ ಮಡಿಲಲ್ಲಿಟ್ಕೊಂಡು ಕೂತಿರ್ತಾನೆ. ನೀರು ತಿರುಗೋ ಹೊತ್ತಲ್ಲಿ ಆ ಬಂಡೆ ಸಂದಿಯಲ್ಲಿ ಸೆಳೆತ ಜಾಸ್ತಿ ಅಂತ ಅವನಿಗೆ ಹೆದರಿಕೆ. ನೀನು ದಡ ಹತ್ತಿ ಟವೆಲ್ ಹೊದ್ಕೊಂಡ ಮೇಲೇನೇ ಅವನು ನೀರಿಗೆ ಹಲಗೆ ಹಾಕೋದು ಅಂದರು. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ಕೇಳಿದ್ಯಾ ಅಂದರು.

ನಾನು ಬಚ್ಚಲ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡಲಿಲ್ಲ. ಪಕ್ಕದ ಮನೆಗೆ ಕೇಳಿಸದಿರಲಿ ಅಂತ ನಲ್ಲಿ ಜೋರಾಗಿ ತಿರುಗಿಸಿ, ತುಂಬಿದ ಬಕೆಟನ್ನೇ ಮತ್ತೆ ತುಂಬಿಸುತ್ತಾ ನಿಂತರು. ಇಷ್ಟು ದಿನ ಇಳಿತಕ್ಕೆ ನಾನೊಬ್ಬಳೇ ಒಡತಿ ಅಂತ ಮೆರೆದೆ. ಹಿಂದೆ ಕಾವಲು ಕೂತವರು ಇದ್ದರು ಅಂತ ತಿಳಿದಿರಲಿಲ್ಲ. ಯಾರೂ ನೋಡುತ್ತಿಲ್ಲ ಅಂದುಕೊಂಡು ಏನೇನು ಹಾಡಿದ್ದೆನೋ, ಅದನ್ನೂ ಕೇಳಿಸಿಕೊಂಡಿದ್ದೀರಿ. ಬಂಡೆ ಮೇಲೆ ಆ ಚಳಿಯಲ್ಲಿ ಕೂತದ್ದಕ್ಕೆ, ಕೂತಿದ್ದೇನೆ ಅಂತ ಒಂದು ದಿನವೂ ಹೇಳಿಕೊಳ್ಳದ್ದಕ್ಕೆ, ಮಂಗಳವಾರಕ್ಕಿಂತ ದೊಡ್ಡ ಥ್ಯಾಂಕ್ಸ್ ಇದಕ್ಕೆ. ಹೇಳಿಕೊಂಡಿದ್ದರೆ ನಾನು ಜಗಳ ತೆಗೆಯುತ್ತಿದ್ದೆ ಅನ್ನುವುದೂ ನಿಜ.

ಇನ್ನು ಗುರುವಾರದ ಸಭೆ. ಬಾಡಿಗೆ ಅಂಗಡಿಯ ಹಿಂದಿನ ಜಗಲಿಯಲ್ಲಿ ಎಲ್ಲರೂ ಸೇರಿದ್ದರು. ಬ್ಯಾಂಕಿನವರು ಎದ್ದು ನಿಂತು ಕ್ಷಮೆ ಕೇಳಿದರು, ನಾನು ಪರವಾಗಿಲ್ಲ ಬಿಡಿ ಅಂದೆ. ಅಲ್ಲಿಗೆ ಮುಗಿಯಬಹುದಿತ್ತು. ಡ್ರೈವರ್ ಮಾಮ ಎದ್ದರು. ಇವತ್ತು ಮೊಣಕೈ, ನಾಳೆ ಕತ್ತು, ಹೀಗೇ ಬಿಟ್ಟರೆ ಹೆಣ ಬೀಳುತ್ತೆ, ಒಂದು ನಿಯಮ ಬೇಕು ಅಂದರು. ಸರ್ಫಿನವರಿಗೆ ಇಳಿತ, ಫಾಯಿಲಿನವರಿಗೆ ಉಬ್ಬರ, ಪ್ಯಾಡಲಿನವರು ಯಾವ ಹೊತ್ತಿಗೂ ಇಲ್ಲಿ ಬೇಡ, ದೋಣಿಕಟ್ಟೆಯ ಆಚೆಗೆ ಹೋಗಲಿ. ಆಮೇಲೆ ಏನಂದರು ಗೊತ್ತಾ? ಇದೇನು ಹೊಸದಲ್ಲ, ನಮ್ಮಲ್ಲೇ ಮಾದರಿ ಇದೆ. ಈ ದಂಪತಿ ನೋಡಿ, ಎಷ್ಟು ಚೆನ್ನಾಗಿ ಹಂಚ್ಕೊಂಡಿದಾರೆ! ಒಂದು ಜಗಳ ಇಲ್ಲ, ತಂಟೆ ಇಲ್ಲ, ವರ್ಷದಿಂದ ನೆಮ್ಮದಿಯಾಗಿದಾರೆ ಅಂದರು.

ಎಲ್ಲರೂ ಮೆಚ್ಚಿಕೊಂಡು ನನ್ನ ಕಡೆ ತಿರುಗಿದರು. ಒಬ್ಬರಂತೂ ಪಟ್ಟಿ ಹೇಗೆ ಮಾಡ್ಕೋತೀರಿ, ಸ್ವಲ್ಪ ಹೇಳಿಕೊಡಿ ಅಂತ ಕೇಳಿದರು. ನಾವು ಬೇರೆಯಾದದ್ದು ಊರಿಗೇ ಮಾದರಿಯಾಗಿದೆ ರೀ! ಮೊದಲು ನಗು ಬಂತು. ಆಮೇಲೆ ಆ ಪಟ್ಟಿ ಅಂಟಿಸಿದ್ದ ಫ್ರಿಜ್ಜು ನೆನಪಾಯಿತು. ನಾನು, ನಾನು, ಒಂದು ಮಾತೂ ಆಡದೆ ಕೂತಿದ್ದೆ. ನೀವಿದ್ದಿದ್ದರೆ ಆ ದೃಶ್ಯ ನೋಡಿ ಖುಷಿಪಡುತ್ತಿದ್ದಿರಿ. ಮಾತಾಡಿದವರು ಅತ್ತೆ ಒಬ್ಬರೇ. ನನ್ನ ಆ ಕಡೆ ಅಟ್ಟಿದ್ರೆ ನಿಮಗೆ ಅಲೆ ಬಂತು ಅಂತ ಹೇಳೋರ್ಯಾರು ಅಂದರು. ಎಲ್ಲರೂ ನಕ್ಕರು. ನಕ್ಕು ಪಟ್ಟಿಯ ಮಾತಿಗೇ ಮರಳಿದರು. ಮನೆಗೆ ಬಂದ ಮೇಲೆ ಅತ್ತೆ ತಮ್ಮ ಹುಟ್ಟನ್ನು ಒರೆಸಿ ಮಂಚದ ಕೆಳಗೆ ಇಟ್ಟುಬಿಟ್ಟಿದ್ದಾರೆ. ಆಮೇಲೆ ನೀರಿಗೆ ಹೋಗಿಲ್ಲ. ಕೇಳಿದರೆ ಸೊಂಟ ನೋವು ಅನ್ನುತ್ತಾರೆ. ಸುಳ್ಳು.

ನಾಳೆ ಸಂಜೆ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಅವರಿಗೆ ಹೇಳುವ ಮೊದಲು ನಿಮಗೆ ಹೇಳುತ್ತೇನೆ.

ಮೂರು ದಿನದಿಂದ ದಡದಲ್ಲಿ ಕೂತು ಬರೀ ಅಲೆ ನೋಡಿದೆ, ಕೈ ಗಾಯ ಆರುವ ತನಕ ಬೇರೆ ಕೆಲಸವೂ ಇರಲಿಲ್ಲ. ಒಂದೇ ಅಲೆ ರೀ. ದೂರದಲ್ಲಿ ಬರೀ ಉಬ್ಬಾಗಿದ್ದಾಗ ಅದು ನನಗೆ ಬೇಡ, ನಿಮಗೆ ಬೇಕು. ಒಡೆಯುವ ಹತ್ತಿರ ಬಂದಾಗ ನಿಮಗೆ ಬೇಡ, ನನಗೆ ಬೇಕು. ಒಡೆದು ನೊರೆಯಾಗಿ ದಡಕ್ಕೆ ಹೋಗುವಾಗ ಇಬ್ಬರಿಗೂ ಬೇಡ, ಅತ್ತೆಗೆ ಅಷ್ಟು ಸಾಕು. ಇಷ್ಟು ದಿನ ನಾವು ಕಿತ್ತಾಡಿದ್ದು ಒಬ್ಬರಿಗೆ ಬೇಡದ್ದನ್ನು ಇನ್ನೊಬ್ಬರು ತಗೊಂಡರು ಅಂತ. ಫಾಯಿಲಿನವರು ಗುಂಪಿನಿಂದ ದೂರ, ಆಚೆಯೇ ತಿರುಗಿ, ಜನ ಇರುವ ಕಡೆ ರೆಕ್ಕೆ ತರದೆ ಇರಲಿ. ಹೊಸಬರು ಬೇರೆ ಮೂಲೆಯಲ್ಲಿ ಕಲಿಯಲಿ. ನಿಂತವರು ಅಲೆ ನೋಡಿ ಕೂಗಿ ಹೇಳಲಿ. ನನ್ನಂಥವರು ಕಾಲಿನ ಹಗ್ಗ ಸವೆದಿದೆಯಾ ಅಂತ ನೋಡಿಕೊಂಡು ಇಳಿಯಲಿ. ಮುಖ್ಯ, ಒಬ್ಬರ ಮುಖ ಒಬ್ಬರು ನೋಡಿ ಬಾಯಿಬಿಟ್ಟು ಮಾತಾಡಲಿ.

ಹೊತ್ತು ಹಂಚಿದರೆ ಜಗಳ ನಿಲ್ಲುತ್ತದೆ, ಡ್ರೈವರ್ ಮಾಮ ಹೇಳಿದ್ದು ಸುಳ್ಳಲ್ಲ. ನಾವೂ ವರ್ಷದಿಂದ ಜಗಳವಾಡಿಲ್ಲ. ಎದುರಿನ ಕುರ್ಚಿ ಖಾಲಿ ಇದ್ದರೆ ಯಾರ ಜೊತೆ ಆಡುವುದು? ಆದರೆ ಮಂಗಳವಾರ ಆ ನಿಯಮ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅವರು ಯೋಚಿಸಲಿ. ಇಳಿತ ಮುಗಿಯುವ ತನಕ ನೀವು ಬರುವ ಹಾಗಿರಲಿಲ್ಲ. ಅತ್ತೆ ದೋಣಿಕಟ್ಟೆಯ ಆಚೆ ಇರುತ್ತಿದ್ದರು. ನಾನು ನಿಯಮದ ಪ್ರಕಾರ ಮುಳುಗುತ್ತಿದ್ದೆ.

ಇದನ್ನು ನಾನು ಹೇಳಿದರೆ ಅರ್ಧ ಜನ, ಇವಳ ಬಾಯಿ ಯಾವಾಗಲೂ ಹೀಗೇ ಅಂತ ಕೂರುತ್ತಾರೆ. ಫಾಯಿಲಿನವರ ಪರವಾಗಿ ನೀವು ಹೇಳಬೇಕು. ನೀವು ಆಡುವುದೇ ಕಮ್ಮಿ, ಆದ್ದರಿಂದ ಆಡಿದರೆ ಕೇಳುತ್ತಾರೆ. ನಾಳೆ ಬನ್ನಿ. ಮಾತಿಗೆ ಮಾತು ಬೆಳೆಯುತ್ತದೆ, ಡ್ರೈವರ್ ಮಾಮ ಮೇಜು ಗುದ್ದುತ್ತಾರೆ, ನಾನು ಅವರಿಗಿಂತ ಜೋರಾಗಿ ಕಿರುಚುತ್ತೇನೆ, ನಿಮಗೆ ಚಪ್ಪಲಿ ಹುಡುಕಬೇಕು ಅನ್ನಿಸುತ್ತದೆ. ಆಗ ಎದ್ದು ಹೋಗಬೇಡಿ. ನನ್ನ ಪರ ಮಾತಾಡದಿದ್ದರೂ ಚಿಂತೆಯಿಲ್ಲ, ವಿರುದ್ಧ ಬೇಕಾದರೂ ಮಾತಾಡಿ, ಮುಗಿಯುವ ತನಕ ಕೂತಿರಿ. ನಾನು ನಿಮ್ಮಿಂದ ಕೇಳುತ್ತಿರುವುದು ಇಷ್ಟೇ, ಯಾವತ್ತೂ ಕೇಳಿದ್ದೂ ಇಷ್ಟೇ.

ಮನೆಗೆ ಬನ್ನಿ ಅಂತ ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಗಮನಿಸಿ. ಸಭೆಗೆ ಬನ್ನಿ ಅಂತ ಮಾತ್ರ ಬರೆದಿದ್ದೇನೆ.

ಇಂತಿ ನಿಮ್ಮ (ಬರೆದಾಯಿತು, ಹೊಡೆದು ಹಾಕುವುದಿಲ್ಲ)

ಹಲ್ಲಿನವಳು

ವಿ. ಸೂ.: ಅತ್ತೆಗೆ ಪತ್ರ ಓದಲು ಕೊಟ್ಟೆ. ಓದಿ, ನಕ್ಕು, ಕಣ್ಣು ಒರೆಸಿಕೊಂಡು, ಮಂಚದ ಕೆಳಗಿಂದ ಹುಟ್ಟು ತೆಗೆದು ಅಂಗಳದಲ್ಲಿ ತೊಳೆಯುತ್ತಿದ್ದಾರೆ. ಅವರು ಒಳಗೆ ಬರುವಷ್ಟರಲ್ಲಿ ಇದೊಂದನ್ನು ಬರೆದು ಲಕೋಟೆಗೆ ಅಂಟು ಹಾಕುತ್ತೇನೆ, ಇದು ಅವರಿಗೂ ಗೊತ್ತಿಲ್ಲ. ನೀವು ಹೋದ ಮರುವಾರವೇ ನಾನು ಲ್ಯಾಬಿನಲ್ಲಿ ನನ್ನ ಮೇಜನ್ನು ಹಿಂದಿನ ಗೋಡೆಗೆ ಹಾಕಿಸಿಕೊಂಡೆ. ಅಲ್ಲಿ ಬೆಳಕು ಸಾಲದು, ಹಲ್ಲಿನ ಬಣ್ಣ ಹೊಂದಿಸಲು ಕಣ್ಣು ನೋಯುತ್ತದೆ, ಯಜಮಾನರು ಹುಚ್ಚಾ ನಿನಗೆ ಅಂತಲೂ ಕೇಳಿದರು. ಆ ಗೋಡೆಯ ಕಿಟಕಿಯಿಂದ ನೀವು ಉಬ್ಬರದಲ್ಲಿ ಓಡಾಡುವ ಜಾಗ ಕಾಣುತ್ತದೆ. ನೀವು ದಡ ಹತ್ತಿ ಹಲಗೆ ಹೆಗಲಿಗೆ ಹಾಕಿಕೊಳ್ಳುವುದು ಕಂಡ ಮೇಲೆಯೇ ನಾನು ಊಟದ ಡಬ್ಬಿ ಬಿಚ್ಚುವುದು, ಒಂದೊಂದು ದಿನ ಸಂಜೆಯೇ ಆಗಿಬಿಡುತ್ತದೆ. ನಾಳೆ ಉಬ್ಬರ ಮಧ್ಯಾಹ್ನವೇ ಇದೆ. ರಜೆ ಹಾಕಿದ್ದೇನೆ. ನಿಮ್ಮ ಹೊತ್ತಿಗೆ ನಾನೂ ನೀರಿಗೆ ಬರುತ್ತೇನೆ, ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಇರುತ್ತದೆ.